ಮಾಲೆಯ ಹೂವು, ಕುಂಡದ ಹೂವು: ದಾವಣಗೆರೆ–ಹರಿಹರ ಸೀಮೆಯ ಸೇವಂತಿಗೆ ಕೃಷಿ ಮತ್ತು ಪ್ರದರ್ಶನದ ಚರಿತ್ರೆ

ಒಂದೇ ಗಿಡವನ್ನು ಇಬ್ಬರು ಭಿನ್ನ ಉದ್ದೇಶಗಳಿಂದ ತಲೆಮಾರುಗಳ ಕಾಲ ಬೆಳೆಸುತ್ತ ಬಂದರೆ, ಆ ಗಿಡವೇ ಎರಡು ಜಾತಿಯಾಗಿ ಒಡೆಯಿತೋ ಎಂಬ ಭ್ರಮೆ ನೋಡುವವನಿಗೆ ಉಂಟಾಗುವುದು ಸಹಜ. ಸೇವಂತಿಗೆಯ ವಿಷಯದಲ್ಲಿ ಆಗಿರುವುದು ಇದೇ. ದಾವಣಗೆರೆಯ ಮಾರುಕಟ್ಟೆಯಲ್ಲಿ ಅದನ್ನು ಮಾರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಚಾಚಿದ ಎರಡು ತೋಳುಗಳ ಉದ್ದಕ್ಕೆ ಎಷ್ಟು ಹೂ ಹಿಡಿಯಿತೆಂಬುದನ್ನು ಅಲ್ಲಿ ಯಾರೂ ಎಣಿಸುವುದಿಲ್ಲ, ಒಂದೊಂದು ಹೂವಿನ ಮುಖವನ್ನು ಪರೀಕ್ಷಿಸುವುದಂತೂ ದೂರವೇ ಉಳಿಯಿತು. ಲಖನೌ, ಚಂಡೀಗಢಗಳಲ್ಲಿ ಪ್ರತಿವರ್ಷ ಡಿಸೆಂಬರಿನಲ್ಲಿ ಏರ್ಪಡುವ ಸೇವಂತಿಗೆಯ ಪ್ರದರ್ಶನಗಳಲ್ಲಿಯಾದರೋ ಒಂದು ಕುಂಡ, ಅದರಲ್ಲಿ ಒಂದೋ ಮೂರೋ ಹೂವು, ಅದರ ದಳಗಳ ಬಾಗು, ತುಂಬು, ವರ್ಣಶುದ್ಧಿ, ಇವುಗಳನ್ನು ನ್ಯಾಯಾಧೀಶರು ಬಾಗಿ ನಿಂತು ನಿರ್ಣಯಿಸುತ್ತಾರೆ. ಈ ಎರಡು ದೃಷ್ಟಿಗಳು ತುಂಗಭದ್ರೆಯ ಈ ದಡದಲ್ಲಿ ಹೇಗೆ ಸಂಧಿಸಿದವು, ಸಂಧಿಸಿದಾಗ ಯಾವುದು ಯಾವುದಕ್ಕೆ ಮಣಿಯಿತು ಎಂಬುದೇ ಪ್ರಸ್ತುತ ಲೇಖನದ ವಿಚಾರ. ಮಣಿದದ್ದು ಕುಂಡದ ಹೂವೆಂದೂ, ಅದಕ್ಕೆ ಕಾರಣ ಜನರ ಅರಸಿಕತೆಯಲ್ಲದೆ ಸೂರ್ಯನ ಗತಿ ಮತ್ತು ಸರಕಾರದ ಪಂಚಾಂಗಗಳೆಂದೂ ಮುಂದೆ ತೋರಿಸಲು ಯತ್ನಿಸುತ್ತೇನೆ.

ಸೇವಂತಿಗೆಯ ಮೂಲದ ಕಥೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಚೀನದೇಶದಲ್ಲಿ ಅದು ಶರತ್ಕಾಲದ ಹೂವೆಂದು ಅತಿಪ್ರಾಚೀನ ಕಾಲದಿಂದ ಮಾನ್ಯವಾಗಿ, ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ ರಾಜಸೇವೆಯನ್ನು ತೊರೆದು ಹಳ್ಳಿಗೆ ಮರಳಿದ ಕವಿ ತಾವೊ ಯುವಾನ್‌ಮಿಂಗನ ಹೆಸರಿನೊಡನೆ ಬೆಸೆದುಕೊಂಡಿತು. ಜಪಾನಿಗೆ ಹೋಗಿ ಹದಿನಾರು ದಳಗಳ ರಾಜಮುದ್ರೆಯಾಯಿತು. ಮಾರ್ಸೇಲ್ಸಿನ ವರ್ತಕ ಬ್ಲಾಂಕಾರನು 1789ರಲ್ಲಿ ಅದನ್ನು ಫ್ರಾನ್ಸಿಗೆ ತಂದ ಮೇಲೆ ಯುರೋಪಿನಲ್ಲಿ ಅದರ ಎರಡನೆಯ ಬಾಳು ಆರಂಭವಾಯಿತೆನ್ನಬೇಕು. ಇಂಗ್ಲೆಂಡಿನಲ್ಲಿ 1829ರಲ್ಲಿ ನಾರ್ವಿಚ್ ಪಟ್ಟಣದಲ್ಲಿ ಸೇವಂತಿಗೆಯ ಪ್ರದರ್ಶನವೊಂದು ನಡೆಯಿತು; 1846ರಲ್ಲಿ ಲಂಡನ್ನಿನ ಸ್ಟೋಕ್ ನ್ಯೂಯಿಂಗ್ಟನ್ನಿನಲ್ಲಿ ಸೇವಂತಿಗೆಯ ಕೃಷಿ ಮತ್ತು ಪ್ರದರ್ಶನಗಳಿಗೆಂದೇ ಸಂಘವೊಂದು ಹುಟ್ಟಿ, ಅದೇ ಮುಂದೆ ಆ ದೇಶದ ರಾಷ್ಟ್ರೀಯ ಸೇವಂತಿಗೆ ಸಂಘವೆನಿಸಿತು. ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ನವೆಂಬರ್ ತಿಂಗಳಲ್ಲಿ ಆ ಶೀತದೇಶದ ತೋಟಗಳು ಬರಿದಾಗಿರುತ್ತವೆ. ಆ ಶೂನ್ಯದ ನಡುವೆ ಅರಳುವ ಹೂವನ್ನು ಸ್ಪರ್ಧೆಗೆ ಒಡ್ಡಬೇಕೆಂಬ ಹವ್ಯಾಸ ಅಲ್ಲಿಯ ಜನರಲ್ಲಿ ಮೂಡಿದ್ದು ಆಶ್ಚರ್ಯವಲ್ಲ. ಪ್ರದರ್ಶನದ ದಿನವನ್ನು ಅಲ್ಲಿ ಹೂವೇ ಗೊತ್ತುಮಾಡಿತು.

ಮೈಸೂರು ಸೀಮೆಗೆ ಈ ಸಂಪ್ರದಾಯ ಬಂದದ್ದು ಬೆಂಗಳೂರಿನ ಲಾಲ್‌ಬಾಗಿನ ಮುಖಾಂತರ. ಹೈದರಾಲಿಯ ಕಾಲದ ತೋಟ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಗಿ ಮಾರ್ಪಟ್ಟು, ಜಾನ್ ಕ್ಯಾಮರನ್ ಅವರ ಮೇಲ್ವಿಚಾರಣೆಯ ಕಾಲದಲ್ಲಿ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರನಿಂದ ಗಾಜಿನ ಮನೆಯ ಅಸ್ತಿಭಾರ ಶಿಲೆಯನ್ನು ಪಡೆಯಿತು. ಲಂಡನ್ನಿನ ಸ್ಫಟಿಕಸೌಧವನ್ನು ಮನಸ್ಸಿನಲ್ಲಿಟ್ಟುಕೊಂಡು ಪುಷ್ಪಪ್ರದರ್ಶನಕ್ಕಾಗಿ ಎತ್ತಿದ ಈ ಕಟ್ಟಡದ ಶಿಲಾನ್ಯಾಸ ಸೇವಂತಿಗೆಯ ಭರದ ಋತುವಿನಲ್ಲಿಯೇ ಆಯಿತೆಂಬುದು ಕಾಕತಾಳೀಯ. ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾದುದಿಲ್ಲ. 1908ರಲ್ಲಿ ಬರೋಡೆಯಿಂದ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗೆಲ್ಲರು 1912ರಲ್ಲಿ ಮೈಸೂರು ತೋಟಗಾರಿಕಾ ಸಂಘವನ್ನು ನೆಲೆಗೊಳಿಸಿದರು. ಅವರ ತರುವಾಯ ಲಾಲ್‌ಬಾಗಿನ ಹೊಣೆ ಹೊತ್ತ ಜವರಾಯರೂ ಅನಂತರ ಮರಿಗೌಡರೂ ತೋಟಗಾರಿಕೆಯನ್ನು ರಾಜಧಾನಿಯ ಬೇಲಿಯಿಂದ ಹೊರಗೆ ತಂದು, ಜಿಲ್ಲೆ ತಾಲ್ಲೂಕುಗಳ ಸಸ್ಯಕ್ಷೇತ್ರಗಳವರೆಗೆ ಹರಡಿದರು. ಸ್ವಾತಂತ್ರ್ಯಾನಂತರ ಲಾಲ್‌ಬಾಗಿನ ಪ್ರದರ್ಶನಗಳು ಜನವರಿ 26 ಮತ್ತು ಆಗಸ್ಟ್ 15ರ ರಾಷ್ಟ್ರೀಯ ಹಬ್ಬಗಳಿಗೆ ಹೊಂದಿಕೊಂಡುವು. ಜಿಲ್ಲಾ ಕೇಂದ್ರಗಳ ಫಲಪುಷ್ಪ ಪ್ರದರ್ಶನಗಳೂ ಬಹುಮಟ್ಟಿಗೆ ಗಣರಾಜ್ಯೋತ್ಸವದ ಆಸುಪಾಸನ್ನೇ ಹಿಡಿದುವು. ಹೀಗೆ ಇಲ್ಲಿ ದಿನವನ್ನು ಗೊತ್ತುಮಾಡಿದ್ದು ರಾಜ್ಯಾಂಗ. ಹೂವು ಆ ದಿನಕ್ಕೆ ಬರಬೇಕಾಯಿತು.

ಇನ್ನು ದಾವಣಗೆರೆ ಹರಿಹರಗಳ ಕಡೆಗೆ ತಿರುಗೋಣ. ಹರಿಹರೇಶ್ವರನ ಆಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೊಲಾಳ್ವನು 1224ರಲ್ಲಿ ಕಟ್ಟಿಸಿದನು. ದೇವಾಲಯವಿದ್ದಲ್ಲಿ ಹೂದೋಟವಿರಬೇಕೆಂಬುದು, ಆ ತೋಟಕ್ಕೆ ಭೂಮಿಯನ್ನೂ ಮಾಲೆಗಾರನಿಗೆ ವೃತ್ತಿಯನ್ನೂ ಬಿಡಬೇಕೆಂಬುದು ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಪರಿಚಿತವಾದ ಧರ್ಮ. ಹೂ ಕಟ್ಟಿ ಒಪ್ಪಿಸುವ ಈ ವೃತ್ತಿ ಉತ್ತರದ ಜಿಲ್ಲೆಗಳಲ್ಲಿಯೂ ಈ ಭಾಗದಲ್ಲಿಯೂ ಹೂಗಾರರದು. ಅರ್ಧಾಂಗ ವಿಷ್ಣುವಾಗಿ ಅರ್ಧಾಂಗ ಶಿವನಾಗಿ ನಿಂತ ಮೂರ್ತಿಗೆ ಒಂದು ಪಕ್ಕಕ್ಕೆ ತುಳಸಿ, ಇನ್ನೊಂದು ಪಕ್ಕಕ್ಕೆ ಬಿಲ್ವ ಎಂದು ಶಾಸ್ತ್ರಜ್ಞರು ಹಂಚಿಕೊಡಬಹುದು. ಕೇದಗೆ ಶಿವನಿಗೆ ವರ್ಜ್ಯವೆಂಬ ಪೌರಾಣಿಕ ನಿರ್ಬಂಧವೂ ಇದೆ. ಸೇವಂತಿಗೆಗಾದರೋ ಇಂಥ ಪಕ್ಷವಿಲ್ಲ, ಇಬ್ಬರಿಗೂ ಸಲ್ಲುತ್ತದೆ. ಈ ಊರಿನಲ್ಲಿ ಅದೊಂದು ಅನುಕೂಲವೇ ಸರಿ.

ಆದರೆ ಸೇವಂತಿಗೆಯನ್ನು ಮನೆಯ ಹಿತ್ತಲಿನಿಂದ ಹೊಲಕ್ಕೆ ತಂದದ್ದು ದೇವಾಲಯವೊಂದೇ ಅಲ್ಲ, ಪೇಟೆಯೂ ಹೌದು. ಬೆಂಗಳೂರಿನಿಂದ ಹೊರಟ ಕಿರಿಯಳತೆಯ ರೈಲುದಾರಿ 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿತ್ತು. ಆಗ ನದಿಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಎರಡು ಸೀಮೆಗಳ ಸರಕು ಕೂಡುವ ಎಡೆಯಾದುದರಿಂದ, ಕಂಬಳಿಯ ವ್ಯಾಪಾರಕ್ಕೆ ಹಿಂದಿನಿಂದಲೂ ಹೆಸರಾಗಿದ್ದ ದಾವಣಗೆರೆ ಹತ್ತಿಯ ಪೇಟೆಯಾಗಿ ಬೆಳೆದು, 1930ರ ದಶಕದಿಂದೀಚೆಗೆ ಒಂದರ ಹಿಂದೊಂದು ಹತ್ತಿ ಗಿರಣಿಗಳನ್ನು ಕಂಡು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ಹೊತ್ತಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇತ್ ಯಂತ್ರಗಳು ತಯಾರಾಗತೊಡಗಿದುವು. ಹೂವಿನ ಚರಿತ್ರೆಯಲ್ಲಿ ಗಿರಣಿಗೂ ಕಾರ್ಖಾನೆಗೂ ಏನು ಕೆಲಸವೆಂದು ಓದುಗರು ಕೇಳಬಹುದು. ಮಹಾನವಮಿಯ ದಿನ ಕದಿರುಗಳಿಗೂ ಮಗ್ಗಗಳಿಗೂ ಲೇತುಗಳಿಗೂ ಲಾರಿಗಳಿಗೂ ಸೇವಂತಿಗೆಯ ಹಾರ ಬೀಳಬೇಕು. ವಿಗ್ರಹಕ್ಕೆ ಗೇಣುದ್ದದ ದಂಡೆ ಸಾಕಾದರೆ ಯಂತ್ರಕ್ಕೆ ಮಾರುಗಟ್ಟಲೆ ಬೇಕು. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ ನವರಾತ್ರಿ, ಆಯುಧಪೂಜೆ, ಅದಕ್ಕೂ ಮುಂಚೆ ಶ್ರಾವಣದ ವರಮಹಾಲಕ್ಷ್ಮಿ, ಭಾದ್ರಪದದ ಗಣೇಶ, ಅನಂತರ ದೀಪಾವಳಿಯ ಅಂಗಡಿಪೂಜೆ, ಇಷ್ಟೂ ಹಬ್ಬಗಳು ಶ್ರಾವಣದಿಂದ ಕಾರ್ತಿಕದೊಳಗೆ ಬಂದುಹೋಗುವುದರಿಂದ, ಬೆಳೆಗಾರನ ಲಕ್ಷ್ಯವೆಲ್ಲ ಆ ನಾಲ್ಕು ತಿಂಗಳ ಮೇಲೆಯೇ ನೆಟ್ಟಿರುತ್ತದೆ. ಹಬ್ಬದ ಹಿಂದಿನ ದಿನ ಮಾರಿಗೆ ಏರಿದ ಬೆಲೆ ಹಬ್ಬದ ಮರುದಿನ ಕುಸಿದು, ಕೊಯ್ದ ಕೂಲಿಯೂ ಹುಟ್ಟದೆ ರಾಶಿಯನ್ನು ರಸ್ತೆಯ ಬದಿಗೆ ಸುರಿದು ಹೋಗುವುದು ಈ ಭಾಗದ ರೈತನಿಗೆ ಹೊಸದಲ್ಲ.

ಈ ಮಾಲೆಯ ಹೂವಿನ ಬೇಸಾಯಕ್ರಮ ಹೀಗಿದೆ. ಹೂ ಮುಗಿದ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಬೇರುಸಹಿತ ಬಿಡಿಸಿದ ಈ ಮರಿಗಳನ್ನಾಗಲಿ, ಕುಡಿಯ ತುಂಡುಗಳನ್ನು ಮರಳಿನಲ್ಲಿ ಊರಿ ಬೇರು ಬರಿಸಿಯಾಗಲಿ ಮುಂಗಾರಿನ ಆರಂಭದಲ್ಲಿ ನಾಟಿಮಾಡುತ್ತಾರೆ. ಒಂದಡಿ ಅಂತರದ ನಾಟಿಯಲ್ಲಿ ಹೆಕ್ಟೇರಿಗೆ ಒಂದು ಲಕ್ಷಕ್ಕೂ ಮಿಕ್ಕಿ ಗಿಡಗಳು ಹಿಡಿಯುತ್ತವೆ. ನೆಟ್ಟ ನಾಲ್ಕು ವಾರಕ್ಕೆ ತುದಿಯ ಕುಡಿಯನ್ನು ಚಿವುಟುತ್ತಾರೆ; ಪಕ್ಕದ ಕವಲುಗಳು ಒಡೆದ ಮೇಲೆ ಕೆಲವರು ಮತ್ತೊಮ್ಮೆ ಚಿವುಟುತ್ತಾರೆ. ಕವಲು ಹೆಚ್ಚಿದಷ್ಟೂ ಮೊಗ್ಗು ಹೆಚ್ಚು, ಹೂವಿನ ಗಾತ್ರ ಕಡಮೆ. ಆದರೆ ಮಾಲೆಗೆ ಬೇಕಾದುದು ಗಾತ್ರವಲ್ಲ, ದಾರದಲ್ಲಿ ಒತ್ತಾಗಿ ಕೂಡುವ, ಎರಡು ದಿನ ಬಾಡದೆ ನಿಲ್ಲುವ ಗಟ್ಟಿತನ. ಮಣ್ಣಿನ ವಿಷಯದಲ್ಲಿ ಈ ಸೀಮೆ ಸೇವಂತಿಗೆಗೆ ಅರ್ಧ ಅನುಕೂಲ, ಅರ್ಧ ಪ್ರತಿಕೂಲ. ಹರಿಹರದ ನದೀತೀರದ ಎರೆಭೂಮಿ ಹತ್ತಿಗೆ ಹೇಳಿ ಮಾಡಿಸಿದುದಾದರೂ, ಮಳೆ ಹಿಡಿದರೆ ನೀರು ನಿಂತು ಸೇವಂತಿಗೆಯ ಬೇರು ಕೊಳೆಯುತ್ತದೆ, ಸೊರಗು ರೋಗ ಅಡರುತ್ತದೆ. ನೀರು ಬಸಿದುಹೋಗುವ ಕೆಮ್ಮಣ್ಣಿನ ಏರುಭೂಮಿಯೇ ಅದಕ್ಕೆ ಹಿತ. 1965ರ ಸುಮಾರಿಗೆ ಪೂರ್ಣಗೊಂಡ ಭದ್ರಾ ಜಲಾಶಯದ ನಾಲೆಗಳು ತಗ್ಗಿನ ಹೊಲಗಳನ್ನು ಗದ್ದೆಗಳಾಗಿ ಮಾರ್ಪಡಿಸಿದ ಮೇಲೆ ಅಲ್ಲಿ ಭತ್ತವೇ ಒಡೆಯನಾಯಿತು. ಹೂವು ಬಾವಿಯ, ಈಚೆಗೆ ಕೊಳವೆ ಬಾವಿಯ, ನೀರನ್ನು ನೆಚ್ಚಿದ ಕೆಮ್ಮಣ್ಣಿನ ತುಣುಕುಗಳಲ್ಲಿ ನಿಂತಿತು.

ಇದಿಷ್ಟು ಮಾಲೆಯ ಕಡೆಯ ವೃತ್ತಾಂತ. ಕುಂಡದ ಹೂವನ್ನು ಅರ್ಥಮಾಡಿಕೊಳ್ಳಬೇಕಾದರೆ ಸೂರ್ಯನ ಲೆಕ್ಕವನ್ನು ತೆಗೆಯದೆ ಗತ್ಯಂತರವಿಲ್ಲ.

ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದ ಶೋಧನೆಯ ಪ್ರಕಾರ, ಕೆಲವು ಸಸ್ಯಗಳು ಹೂ ಬಿಡುವುದು ಹಗಲಿನ ದೈರ್ಘ್ಯವನ್ನು ಅನುಸರಿಸಿ. ಸೇವಂತಿಗೆ ಹ್ರಸ್ವದಿನದ ಸಸ್ಯ. ಹಗಲು ದೀರ್ಘವಾಗಿರುವವರೆಗೆ ಎಲೆ ಕಾಂಡಗಳನ್ನು ಬೆಳೆಸುತ್ತಿದ್ದು, ಹಗಲು ಒಂದು ಮಿತಿಗಿಂತ ಕುಗ್ಗಿತೆಂದರೆ ಮೊಗ್ಗಿಗೆ ತಿರುಗುತ್ತದೆ. ಆ ಮಿತಿ ತಳಿಯಿಂದ ತಳಿಗೆ ಬೇರೆಯಾದರೂ ಹಲವು ತಳಿಗಳಲ್ಲಿ ಹದಿಮೂರೂವರೆ, ಹದಿನಾಲ್ಕೂವರೆ ಗಂಟೆಗಳ ಆಸುಪಾಸಿನದು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಯನ್ನು ದಾಟುತ್ತದೆ. ಲಖನೌದಲ್ಲಿ ಹದಿನಾಲ್ಕಕ್ಕೆ ಸಮೀಪಿಸುತ್ತದೆ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಯ ಅತಿದೀರ್ಘ ಹಗಲು ಹೆಚ್ಚು ಕಡಮೆ ಹದಿಮೂರು ಗಂಟೆ, ಅತಿಹ್ರಸ್ವ ಹಗಲು ಹನ್ನೊಂದೂಕಾಲು. ಅಂದರೆ ಶೀತದೇಶದಲ್ಲಿ ಪ್ರದರ್ಶನಕ್ಕಾಗಿ ಹುಟ್ಟಿಸಿದ ತಳಿಯೊಂದನ್ನು ತಂದು ಇಲ್ಲಿ ನೆಟ್ಟರೆ, ಎದೆಯೆತ್ತರ ಬೆಳೆದು ದೊಡ್ಡ ಹೂವನ್ನು ಹೊರಬೇಕಾದ ಆ ಗಿಡಕ್ಕೆ, ಬೆಳೆಯುವ ಕಾಲವೇ ಬಂದಿಲ್ಲವೆಂದೂ ಹೂ ಬಿಡುವ ಕಾಲ ಆಗಲೇ ಬಂದಿದೆಯೆಂದೂ ತೋರಿ, ಗೇಣುದ್ದವಿರುವಾಗಲೇ ಮೊಗ್ಗು ಕಚ್ಚುತ್ತದೆ. ನಮ್ಮ ಹಳೆಯ ಮಾಲೆಯ ತಳಿಗಳು ಈ ನೆಲದ ಹಗಲಿಗೆ ಒಗ್ಗಿದವು. ಅವು ಮುಂಗಾರಿನಲ್ಲಿ ಬೆಳೆದು ದಸರೆಯಿಂದಾಚೆಗೆ ಅರಳಿ, ನವೆಂಬರ್ ಡಿಸೆಂಬರುಗಳಲ್ಲಿ ತುಂಬಿ, ಪುಷ್ಯಮಾಸದ ಹೊತ್ತಿಗೆ ಸೋಲುತ್ತವೆ.

ಗಣರಾಜ್ಯೋತ್ಸವ ಬರುವುದು ಆ ಸೋಲಿನ ವೇಳೆಗೆ. ಆಗಸ್ಟ್ 15 ಬರುವುದು ಹೂವಿನ್ನೂ ಗಿಡದ ಎಣಿಕೆಯಲ್ಲಿಯೇ ಇಲ್ಲದ ವೇಳೆಗೆ. ಸರಕಾರಿ ಪ್ರದರ್ಶನಗಳ ಎರಡು ಮುಹೂರ್ತಗಳ ನಡುವೆ ಸೇವಂತಿಗೆಯ ಋತು ಬಂದು ಹೋಗಿರುತ್ತದೆ. ಪಂಜಾಬು, ಉತ್ತರ ಪ್ರದೇಶಗಳ ಕಡೆಯವರು ಡಿಸೆಂಬರಿನಲ್ಲಿ ಸೇವಂತಿಗೆಗೆ ಪ್ರತ್ಯೇಕ ಉತ್ಸವವನ್ನು ಕಲ್ಪಿಸಿಕೊಂಡರು. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನ ಸಂಸ್ಥೆ ಕೋಲಿಯಸ್ ಗಿಡದೊಡನೆ ಜೋಡಿಸಿ ಅದನ್ನು ನಡೆಸುತ್ತದೆ. ಕನ್ನಡ ನಾಡಿನಲ್ಲಿ ಅಂಥ ಪ್ರತ್ಯೇಕ ಉತ್ಸವ ರೂಢಿಗೊಳ್ಳಲಿಲ್ಲ. ಇಲ್ಲಿ ಸೇವಂತಿಗೆ ಗುಲಾಬಿ, ಡೇಲಿಯಾ, ಸಾಲ್ವಿಯಾ, ಚೆಂಡುಹೂಗಳ ಸಭೆಯಲ್ಲಿ ಒಬ್ಬ ಸದಸ್ಯ ಮಾತ್ರ, ಅದೂ ತಡವಾಗಿ ಬಂದು ಸೇರುವ ಸದಸ್ಯ.

ಅಕಾಲದಲ್ಲಿ ಹೂ ಬಿಡಿಸುವ ಆಸೆ ನಮ್ಮವರಿಗೆ ಅಪರಿಚಿತವೇನಲ್ಲ. ವೃಕ್ಷಾಯುರ್ವೇದದ ಗ್ರಂಥಕಾರರು ಇಂಥ ವಿಚಿತ್ರಪ್ರಯೋಗಗಳಿಗೆ ಎಡೆಗೊಟ್ಟಿದ್ದಾರೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಆದರೆ ಸೇವಂತಿಗೆಯ ಕೀಲಿಕೈ ಗೊಬ್ಬರದಲ್ಲಾಗಲಿ ಲೇಪದಲ್ಲಾಗಲಿ ಇರದೆ ಕತ್ತಲೆಯಲ್ಲಿದೆ. ನಡುರಾತ್ರಿಯ ಆಚೀಚೆ ಕೆಲವು ಗಂಟೆ ದೀಪ ಉರಿಸಿ ಇರುಳನ್ನು ಮುರಿದರೆ, ಗಿಡ ಹಗಲು ದೀರ್ಘವೆಂದು ಭಾವಿಸಿ ಮೊಗ್ಗನ್ನು ಮುಂದಕ್ಕೆ ಹಾಕುತ್ತದೆ. ಸಂಜೆಗೆ ಮುಂಚೆಯೇ ಕಪ್ಪು ಬಟ್ಟೆ ಹೊದಿಸಿದರೆ ಮೊಗ್ಗು ಬೇಗ ಕಚ್ಚುತ್ತದೆ. ಚಿಕ್ಕಬಳ್ಳಾಪುರದ ಕಡೆಯ ಬಯಲುಗಳಲ್ಲಿ ಸಾಲುಸಾಲಾಗಿ ಬಲ್ಬುಗಳನ್ನು ತೂಗುಹಾಕಿ ಸೇವಂತಿಗೆಯ ಹೊಲಗಳನ್ನು ಇರುಳಿನಲ್ಲಿ ಬೆಳಗಿಸುವ ಪದ್ಧತಿ ಈಚೆಗೆ ಬಂದಿದೆ. ಹಾದಿಹೋಕರಿಗೆ ಅದು ಜಾತ್ರೆಯ ದೀಪಾಲಂಕಾರದಂತೆ ಕಂಡರೂ, ಅದರ ಉದ್ದೇಶ ಪೇಟೆಯ ಬೆಲೆಯೇ ಹೊರತು ಪ್ರದರ್ಶನದ ಪಾರಿತೋಷಕವಲ್ಲ.

ಇಷ್ಟು ತೊಡಕಿನ ನಡುವೆಯೂ ಕುಂಡದ ಹೂವನ್ನು ಪ್ರದರ್ಶನಕ್ಕೆ ಸಿದ್ಧಪಡಿಸುವವನ ಕೆಲಸ ಎಂಥದೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಈ ಸೀಮೆಯಲ್ಲಿ ಅವನ ಮೊದಲ ಶತ್ರು ಏಪ್ರಿಲ್–ಮೇ ತಿಂಗಳ ಬಿಸಿಲು. ಹೂ ಮುಗಿದ ತಾಯಿಗಿಡಗಳನ್ನು ಮರದಡಿಯ ನೆರಳಿನಲ್ಲಿಟ್ಟು, ಬೇರು ಒಣಗದಂತೆಯೂ ಕೊಳೆಯದಂತೆಯೂ ನೀರು ತೋರಿಸುತ್ತ, ಮುಂಗಾರಿನವರೆಗೆ ಜೀವ ಉಳಿಸಿಕೊಳ್ಳಬೇಕು. ಮಳೆಯ ತಂಪು ಬಂದ ಮೇಲೆ ಕುಡಿಗಳನ್ನು ತೆಗೆದು ಮರಳಿನಲ್ಲಿ ಊರಿ, ಬೇರು ಬಂದವನ್ನು ಅಂಗೈಯಗಲದ ಚಿಕ್ಕ ಕುಂಡಕ್ಕೂ, ಅಲ್ಲಿಂದ ಅದಕ್ಕಿಂತ ದೊಡ್ಡದಕ್ಕೂ, ಕಡೆಗೆ ಹತ್ತಂಗುಲದ ಕುಂಡಕ್ಕೂ ಮೂರು ಹಂತದಲ್ಲಿ ಬದಲಿಸಬೇಕು. ಒಮ್ಮೆಗೇ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತುಂಬದ ಮಣ್ಣಿನಲ್ಲಿ ನೀರು ನಿಂತು ಹುಳಿಯುತ್ತದೆ. ಮಣ್ಣಿನ ಮಿಶ್ರಣ ಕೆಮ್ಮಣ್ಣು, ಕೊಳೆತ ಸಗಣಿಗೊಬ್ಬರ, ಎಲೆಗೊಬ್ಬರ, ಸ್ವಲ್ಪ ಮರಳು. ಶೇಂಗಾ ಹಿಂಡಿಯನ್ನೋ ಬೇವಿನ ಹಿಂಡಿಯನ್ನೋ ನೆನೆಹಾಕಿ ಹುಳಿಸಿ ತಿಳಿಮಾಡಿದ ನೀರನ್ನು ವಾರಕ್ಕೊಮ್ಮೆ ಕೊಟ್ಟು, ಮೊಗ್ಗಿನಲ್ಲಿ ಬಣ್ಣ ಇಣುಕಿದೊಡನೆ ನಿಲ್ಲಿಸಬೇಕು. ಇಲ್ಲವಾದರೆ ದಳ ಮೆತ್ತಗಾಗಿ ಕರೆ ಬೀಳುತ್ತದೆ. ಎಲೆಯಡಿಯ ಹೇನನ್ನೂ ಎಲೆಚುಕ್ಕೆಯನ್ನೂ ನಿತ್ಯವೂ ಹುಡುಕುತ್ತಿರಬೇಕು.

ಇಲ್ಲಿಯವರೆಗಿನ ಶ್ರಮವನ್ನು ಮಾಲೆಯ ಬೆಳೆಗಾರನೂ ಒಪ್ಪಿಯಾನು. ಅವನಿಗೆ ಪಾಪವೆಂದು ತೋರಬಹುದಾದುದು ಇದರ ಮುಂದಿನದು. ಮೂರು ಕವಲುಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಚಿವುಟಿ, ಒಂದೊಂದು ಕವಲಿಗೂ ಕೋಲು ಕಟ್ಟಿ, ತುದಿಯ ಮೊಗ್ಗೊಂದನ್ನು ಬಿಟ್ಟು ಅದರ ಸುತ್ತಲಿನ ಮೊಗ್ಗುಗಳನ್ನೆಲ್ಲ ಕಾಳಿನಷ್ಟಿರುವಾಗಲೇ ಉಗುರಿನಿಂದ ಕಿತ್ತು ಎಸೆಯುವುದು. ಕಿತ್ತ ಪ್ರತಿಯೊಂದು ಮೊಗ್ಗೂ ಅವನ ಲೆಕ್ಕದಲ್ಲಿ ಮಾರಿಗೆ ಸೇರಬೇಕಾಗಿದ್ದ ಒಂದು ಹೂವು. ಒಬ್ಬನು ಒಂದನ್ನು ನೂರು ಮಾಡಲು ಚಿವುಟುತ್ತಾನೆ, ಇನ್ನೊಬ್ಬನು ನೂರನ್ನು ಒಂದು ಮಾಡಲು ಕೀಳುತ್ತಾನೆ. ಬೆರಳಿನ ಚಲನೆ ಮಾತ್ರ ಇಬ್ಬರದೂ ಒಂದೇ. ಜಪಾನೀಯರು ಈ ವಿರೋಧವನ್ನೂ ಮೀರಿ, ಒಂದೇ ಕಾಂಡದಿಂದ ನೂರಾರು ಸಮಗಾತ್ರದ ಹೂಗಳನ್ನು ಗುಮ್ಮಟದ ಆಕಾರಕ್ಕೆ ಪಳಗಿಸಿ, ತೋಕಿಯೋದ ಷಿಂಜುಕು ಉದ್ಯಾನದಲ್ಲಿ ನವೆಂಬರಿನಲ್ಲಿ ಮೆರೆಯಿಸುತ್ತಾರೆ. ಅದು ಹಿಂದೆ ಸಾಮ್ರಾಟರದಾಗಿದ್ದ ತೋಟದ ವೈಭವ. ಅದರ ಮಾತು ಇಲ್ಲಿ ಸಾಕು.

ಭಾರತದ ಪ್ರದರ್ಶನಗಳಲ್ಲಿ ಹೆಸರಾದ ದೊಡ್ಡ ಹೂವಿನ ತಳಿಗಳು ಸ್ನೋ ಬಾಲ್, ಸೋನಾರ್ ಬಾಂಗ್ಲಾ, ಕಸ್ತೂರ್ಬಾ ಗಾಂಧಿ, ಮಹಾತ್ಮಾ ಗಾಂಧಿ ಮುಂತಾದವು ಬಹುಪಾಲು ಉತ್ತರ ಮತ್ತು ಪೂರ್ವ ಭಾರತದ ಚಳಿಗೆ ಒಗ್ಗಿದವು. ದಾವಣಗೆರೆಯ ಹೊಲದ ಹೆಸರುಗಳೇ ಬೇರೆ: ಪೂರ್ಣಿಮಾ, ಐಶ್ವರ್ಯ, ಸೆಂಟ್ ವೈಟ್, ಸೆಂಟ್ ಯೆಲ್ಲೋ ಇತ್ಯಾದಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆ ಹೊರತಂದ ಇಂದಿರಾ, ರಾಖಿ, ಚಂದ್ರಿಕಾ, ಅರ್ಕಾ ಸ್ವರ್ಣ ಮೊದಲಾದ ತಳಿಗಳು ದಕ್ಷಿಣದ ಹಗಲನ್ನು ಲಕ್ಷಿಸಿ ಬೆಳೆಸಿದವು. ಲಖನೌದವರು ಚಿವುಟುವ, ಕೋಲು ಕಟ್ಟುವ ಅಗತ್ಯವೇ ಇಲ್ಲದೆ ತಾನಾಗಿ ಗುಂಡಗೆ ತುಂಬುವ ಗಿಡ್ಡ ತಳಿಗಳನ್ನು ಸಿದ್ಧಪಡಿಸಿದ ಮೇಲೆ, ಪ್ರದರ್ಶನದ ಕುಂಡದ ಸ್ವರೂಪವೇ ಬದಲಾಯಿತು. ಒಂದು ಹೂವಿಗಾಗಿ ಆರು ತಿಂಗಳು ಕಾಯುವವರು ಕಡಮೆಯಾದರು. ಸಾಲಾಗಿ ಜೋಡಿಸಿದ ನೂರಾರು ಕುಂಡಗಳ ವರ್ಣರಾಶಿಯೇ ಪ್ರದರ್ಶನವೆನಿಸಿತು. ನನ್ನ ಅಭಿಪ್ರಾಯದಲ್ಲಿ ಇದು ಲಾಭವೂ ಹೌದು, ನಷ್ಟವೂ ಹೌದು. ಶ್ರೀಸಾಮಾನ್ಯನ ಮನೆಯಂಗಳಕ್ಕೆ ಕುಂಡ ಬಂದದ್ದು ಲಾಭ, ಕಣ್ಣು ಒಂದು ಹೂವಿನ ಮೇಲೆ ನಿಲ್ಲುವ ಅಭ್ಯಾಸ ತಪ್ಪಿದ್ದು ನಷ್ಟ.

1997ರ ಆಗಸ್ಟ್ 15ರಂದು ದಾವಣಗೆರೆ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯಾದ ಬಳಿಕ, ತೋಟಗಾರಿಕೆ ಇಲಾಖೆಯ ಜಿಲ್ಲಾ ಕಚೇರಿಯೂ ಫಲಪುಷ್ಪ ಪ್ರದರ್ಶನದ ಹೊಣೆಯೂ ಇಲ್ಲಿಗೆ ಬಂದುವು. ಕುಂದುವಾಡ ಕೆರೆಯ ಸಮೀಪದಲ್ಲಿ, ಲಾಲ್‌ಬಾಗಿನದನ್ನು ಮಾದರಿಯಾಗಿಟ್ಟುಕೊಂಡು ಆಧುನಿಕ ಉಕ್ಕು ಗಾಜುಗಳಿಂದ ನಿರ್ಮಿಸಿದ ಗಾಜಿನ ಮನೆ ಈಗ ಆ ಪ್ರದರ್ಶನದ ರಂಗಸ್ಥಳ. ರಾಜ್ಯದ ಇತರ ಪ್ರದರ್ಶನಗಳಂತೆ ಇಲ್ಲಿಯೂ ಜನರನ್ನು ಸೆಳೆಯುವುದು ಹೂಗಳಿಂದ ಕಟ್ಟಿದ ಬೃಹದಾಕೃತಿಗಳು. ತಂತಿಯ ಹಂದರಕ್ಕೆ ಸ್ಪಂಜನ್ನು ಹೊದಿಸಿ, ಅದರಲ್ಲಿ ತೊಟ್ಟುಸಹಿತವಾದ ಹೂಗಳನ್ನು ಸಾವಿರಗಟ್ಟಲೆ ಚುಚ್ಚಿ, ದೇಗುಲವನ್ನೋ ಪ್ರಾಣಿಯನ್ನೋ ಮಹಾಪುರುಷನ ಪ್ರತಿಮೆಯನ್ನೋ ಎಬ್ಬಿಸುವ ಈ ಕಲೆಗೆ ಸೇವಂತಿಗೆ ಅತ್ಯುತ್ತಮ ಉಪಾದಾನ: ತಲೆ ಗುಂಡಗೆ, ತೊಟ್ಟು ಗಟ್ಟಿ, ಬಾಡುವುದು ನಿಧಾನ, ಬಣ್ಣ ದೂರಕ್ಕೆ ಕಾಣುತ್ತದೆ. ವಿಮರ್ಶಕರು ಇದನ್ನು ಉದ್ಯಾನಕಲೆಯ ಅಧಃಪತನವೆಂದು ಗೊಣಗುವುದುಂಟು. ನನಗೆ ಹಾಗೆ ತೋರುವುದಿಲ್ಲ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಗರ್ಭಗುಡಿಯ ಪುಷ್ಪಾಲಂಕಾರದಿಂದ ಲೇತಿಗೆ ಹಾಕಿದ ಹಾರದವರೆಗೆ ಸಾಗಿಬಂದ ಮಾಲೆಯ ಸಂಪ್ರದಾಯವೇ ಇಲ್ಲಿ ಗಾಜಿನ ಮನೆಯನ್ನು ಹೊಕ್ಕಿದೆ. ವಿಲಾಯತಿಯಿಂದ ಬಂದ ಪ್ರದರ್ಶನವೆಂಬ ಚೌಕಟ್ಟನ್ನು ಉಳಿಸಿಕೊಂಡು, ಒಳಗಿನ ಚಿತ್ರವನ್ನು ಹೂಗಾರರ ಕೈ ಬರೆದಿದೆ.

ಹೀಗಿದ್ದೂ ಕುಂಡದ ಹೂವಿಗೆ ಈ ಸೀಮೆಯಲ್ಲಿ ಅವಕಾಶವೇ ಇಲ್ಲವೆನ್ನುವಂತಿಲ್ಲ. ಡಿಸೆಂಬರಿನ ಮೊದಲ ಪಕ್ಷದಲ್ಲಿ, ಕಾರ್ತಿಕ ದೀಪೋತ್ಸವಗಳು ಮುಗಿದು ಪೇಟೆಯಲ್ಲಿ ಹೂವಿನ ಬೇಡಿಕೆ ಇಳಿದಿರುವ ವೇಳೆಯಲ್ಲಿ, ಗಾಜಿನ ಮನೆಯಲ್ಲಿ ಸೇವಂತಿಗೆಗೆಂದೇ ಎರಡು ಮೂರು ದಿನಗಳ ಪ್ರದರ್ಶನವನ್ನು ಇಲಾಖೆ ಏರ್ಪಡಿಸಬಹುದು. ಜೂನ್ ತಿಂಗಳಲ್ಲಿ ಊರಿದ ಕುಡಿಗೆ ಜುಲೈ ಆಗಸ್ಟುಗಳಲ್ಲಿ ರಾತ್ರಿಯ ದೀಪ ತೋರಿಸಿ ಎತ್ತರ ಬೆಳೆಸಿ, ಸೆಪ್ಟೆಂಬರಿನಲ್ಲಿ ದೀಪ ತೆಗೆದರೆ, ಹತ್ತು ಹನ್ನೆರಡು ವಾರಗಳಲ್ಲಿ ಅರಳುವ ತಳಿಗಳು ಸರಿಯಾಗಿ ಆ ದಿನಕ್ಕೆ ಬರುತ್ತವೆ. ಸ್ಪರ್ಧೆಯಲ್ಲಿ ಎರಡು ವಿಭಾಗಗಳಿರಲಿ: ಮೂರು ಹೂವಿನ ಕುಂಡಕ್ಕೊಂದು, ಒಂದು ಮಾರು ಕಟ್ಟಿದ ಮಾಲೆಗೊಂದು. ಎರಡನೆಯದರ ನ್ಯಾಯಾಧೀಶರನ್ನು ಕಾಲೇಜಿನಿಂದ ಕರೆಸುವ ಬದಲು ಹೂವಿನ ಪೇಟೆಯಿಂದಲೇ ಕರೆತರುವುದು ಲೇಸು.